ಐದನೇ ಕ್ಲಾಸಿನ ಅಜ್ಜಿ

“ಹೊಡಿಯೇ! ಅಕ್ಕ ಅಂತ ನೋಡಬೇಡ, ಬಿಡು ಒಂದು ಕಪಾಳಕ್ಕೆ!”

ಚಿಕ್ಕವಳು ಕೈ ಎತ್ತಲಿಲ್ಲ. ಕರಿಹಲಗೆಯ ಮುಂದೆ ಅಕ್ಕ ತಂಗಿ ಎದುರುಬದುರು ನಿಂತಿದ್ದರು. ಭಿನ್ನರಾಶಿಯ ಲೆಕ್ಕ ಅಕ್ಕನಿಗೆ ಬಂದಿರಲಿಲ್ಲ, ತಂಗಿಗೆ ಬಂದಿತ್ತು. ಲೆಕ್ಕ ಬಂದವರು ಬಾರದವರಿಗೆ ಹೊಡೆಯಬೇಕು ಎಂಬುದು ಹೆಡ್‌ಮಾಸ್ಟರರ ಕಾನೂನು.

“ಹೊಡೀತೀಯೋ, ಇಲ್ಲ ನಿನಗೇ ಬೀಳಬೇಕೋ?” ಹೆಡ್‌ಮಾಸ್ಟರರು ಗದರಿದರು.

ಚಿಕ್ಕವಳು ಮೆಲ್ಲಗೆ ತಟ್ಟಿದಳು.

“ಏನೇ ಅದು, ಸೊಳ್ಳೆ ಓಡಿಸ್ತಿದ್ದೀಯಾ? ಸರಿಯಾಗಿ ಬಿಡೇ ಕತ್ತೆ!”

ಎರಡನೆಯ ಏಟು ಸರಿಯಾಗಿಯೇ ಬಿತ್ತು. ಕ್ಲಾಸು ಗೊಳ್ಳೆಂದು ನಕ್ಕಿತು. ಅತ್ತದ್ದು ಹೊಡೆದವಳು.

ದೊಡ್ಡವಳು ಐದನೇ ಕ್ಲಾಸಿನಲ್ಲಿ ಕೂತದ್ದು ಅದು ಮೂರನೇ ಸಲ. ಫೇಲಾದವರನ್ನು ಮುಂದಕ್ಕೆ ಕಳಿಸಬಾರದು ಎಂಬ ಕಾಯ್ದೆ ಬಂದಾಗ ಹೆಡ್‌ಮಾಸ್ಟರರು ಹೆತ್ತವರನ್ನೆಲ್ಲ ಕರೆಸಿ, “ಭಯ ಇದ್ರೆ ತಾನೇ ಓದೋದು? ಒಪ್ಪೋರು ಕೈ ಎತ್ತಿ” ಎಂದಿದ್ದರು. ಎಲ್ಲರೂ ಎತ್ತಿದರು. ಅಮ್ಮನೂ ಎತ್ತಿದಳು. ಇನ್ನೊಂದು ವರ್ಷ ಓದಿದರೆ ಬುಡ ಗಟ್ಟಿಯಾಗುತ್ತದೆ ಎಂದು ಅವಳೂ ನಂಬಿದ್ದಳು.

ಎರಡನೇ ವರ್ಷ ಸಿಕ್ಕಿದ್ದು ಅದೇ ಪುಸ್ತಕ, ಅದೇ ಬೈಗುಳ. ಲೆಕ್ಕದ ಮೇಷ್ಟರ ಕುರ್ಚಿ ಆಗಲೂ ಖಾಲಿ, ಆಮೇಲೂ ಖಾಲಿ. ಹೆಡ್‌ಮಾಸ್ಟರರೇ ಬಿಡುವಾದಾಗ ಬಂದು ಗದರಿಸಿ ಹೋಗುತ್ತಿದ್ದರು. ಜೊತೆಯವರು ಮುಂದೆ ಹೋದರು. ಹಿಂದಿನವರು ಬಂದು ಪಕ್ಕದಲ್ಲಿ ಕೂತರು. ಮೂರನೇ ವರ್ಷ ಸ್ವಂತ ತಂಗಿಯೇ ಬಂದಳು. ಪುಟ್ಟ ಬೆಂಚಿನ ಸಂದಿಯಲ್ಲಿ ಕಾಲು ಹಿಡಿಸದೆ ದೊಡ್ಡವಳು ವಾರೆಯಾಗಿ ಕೂರುತ್ತಿದ್ದಳು. ಮಕ್ಕಳು ಅವಳಿಗೆ ‘ಅಜ್ಜಿ’ ಎಂದು ಹೆಸರಿಟ್ಟರು. “ಅಜ್ಜಿ, ಹಲ್ಲು ಬಿದ್ದವಾ? ಅಜ್ಜಿ, ಕತೆ ಹೇಳು!” ಮೊದಮೊದಲು ಅವಳೂ ನಗುತ್ತಿದ್ದಳು.

ಆ ವರ್ಷ ತಂಗಿ ಪಾಸಾದಳು. ಅಕ್ಕ ಮತ್ತೆ ಫೇಲು.

ಅಮ್ಮ ಹೆಡ್‌ಮಾಸ್ಟರರ ಕೋಣೆಯ ಹೊಸ್ತಿಲಲ್ಲಿ ನಿಂತು ಕೈ ಮುಗಿದಳು. “ಸಾರ್, ಇದೊಂದು ಸಲ ಮುಂದಕ್ಕೆ ಹಾಕಿ. ತಂಗಿ ದಾಟಿ ಹೋದ್ಮೇಲೆ ಇವಳು ಸತ್ರೂ ಇಲ್ಲಿ ಕೂರಲ್ಲ.”

“ಕೂರದಿದ್ರೆ ಕರ್ಕೊಂಡು ಹೋಗು. ನಿನ್ನ ಜೊತೆ ಪಾತ್ರೆ ಉಜ್ಜೋಕೆ ಆರನೇ ಕ್ಲಾಸು ಬೇಕಾ? ನಿಮ್ಮ ಜನಕ್ಕೆ ಹೆರೋದು ಗೊತ್ತು, ಓದಿಸೋದು ಗೊತ್ತಿಲ್ಲ. ಇದೊಂದು ಕೊಳೆತ ಹಣ್ಣಿಂದ ನನ್ನ ಶಾಲೆ ಹೆಸರೇ ನಾರ್ತಾ ಇದೆ.”

ದೊಡ್ಡವಳು ಅಮ್ಮನ ಬೆನ್ನ ಹಿಂದೆಯೇ ಇದ್ದಳು. ಶಾಲೆ ಮತ್ತೆ ಶುರುವಾದ ದಿನ ತಂಗಿಯ ತಲೆ ಬಾಚಿ ಕಳಿಸಿ, ತಾನು ಅಮ್ಮನ ಜೊತೆ ಕೆಲಸಕ್ಕೆ ಹೊರಟಳು. ಅಮ್ಮ ಬೇಡ ಎನ್ನಲಿಲ್ಲ.

ಅಮ್ಮನ ಕೆಲಸ ಶಿಕ್ಷಣ ಇಲಾಖೆಯ ತರಬೇತಿ ಕಟ್ಟಡದ ಕ್ಯಾಂಟೀನಿನಲ್ಲಿ, ಪಾತ್ರೆ ತೊಳೆಯುವುದು. ಮೋರಿಯ ಪಕ್ಕದ ಕಲ್ಲಿನ ಮೇಲೆ ತಾಯಿ ಮಗಳು ಒಟ್ಟಿಗೆ ಕೂತರು. ವಾರ ಕಳೆಯುವುದರೊಳಗೆ ಹುಡುಗಿಯ ಬೆರಳ ಸಂದಿಯಲ್ಲಿ ಸೋಪಿನ ಹುಣ್ಣೆದ್ದವು.

ಒಂದು ದಿನ ಮೇಲಿನ ಸಭಾಂಗಣದಲ್ಲಿ ದೊಡ್ಡ ಸಭೆ. ಆಳು ಕಮ್ಮಿಯೆಂದು ಕ್ಯಾಂಟೀನಿನ ಸೂಪರ್‌ವೈಸರ್ ಅಮ್ಮನ ಕೈಗೆ ಟೀ ತಟ್ಟೆ ಕೊಟ್ಟು ಕಳಿಸಿದ. ವೇದಿಕೆಯ ಮೇಲೆ ನರೆತ ಕೂದಲಿನ ಪ್ರೊಫೆಸರರೊಬ್ಬರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

“ಫೇಲ್ ಮಾಡಿ ಅದೇ ಕ್ಲಾಸಲ್ಲಿ ಕೂರಿಸಿದ ಮಕ್ಕಳನ್ನ ವರ್ಷಗಟ್ಟಲೆ ಗಮನಿಸಿದ್ವಿ. ಅವರಷ್ಟೇ ಹಿಂದಿದ್ದೂ ಮುಂದಕ್ಕೆ ಹೋದ ಮಕ್ಕಳನ್ನೂ ನೋಡಿದ್ವಿ. ಕೂರಿಸಿದವರು ಹೆಚ್ಚೇನೂ ಕಲೀಲಿಲ್ಲ. ಶಾಲೆ ಬಿಟ್ಟೋರು ಮಾತ್ರ ಅವರಲ್ಲೇ ಜಾಸ್ತಿ. ಪಕ್ಕ ಕೂತು ಹೇಳಿಕೊಡೋರು ಸಿಕ್ಕಿದ ಕಡೆ ಮಕ್ಕಳು ಚೇತರಿಸಿಕೊಂಡ್ರು.”

ಮುಂದಿನ ಸಾಲಿನಲ್ಲಿದ್ದ ಇಲಾಖೆಯ ಸಾಹೇಬರೊಬ್ಬರು ಕಾಲ ಮೇಲೆ ಕಾಲು ಹಾಕಿದರು. “ನಿಮ್ಮ ಸಂಶೋಧನೆ ಸರಿ ಇರಬಹುದು ಪ್ರೊಫೆಸರ್. ಆದ್ರೆ ಜನಕ್ಕೆ ಈ ಕಾಯ್ದೆ ಇಷ್ಟ. ಹೆತ್ತೋರೇ ಕೈ ಎತ್ತಿದ್ದಾರೆ. ಮೇಷ್ಟರನ್ನ ಹಾಕೋಕೆ ದುಡ್ಡು ಬೇಕು, ಫೇಲ್ ಮಾಡೋಕೆ ಕೆಂಪು ಪೆನ್ನು ಸಾಕು!”

ಸಭೆ ನಕ್ಕಿತು. ಪ್ರೊಫೆಸರರೂ ಸ್ವಲ್ಪ ನಕ್ಕರು.

ಅಮ್ಮ ಅವರನ್ನು ಹೊರಗಿನ ಮೊಗಸಾಲೆಯಲ್ಲಿ ಹಿಡಿದಳು.

“ಸಾರ್, ಈಗ ಹೇಳಿದ್ರಲ್ಲ, ಅದು ನಿಜಾನಾ?”

“ನಿಜಾನೇ ಅಮ್ಮ.”

“ಯಾವಾಗಿಂದ ಗೊತ್ತು ನಿಮಗೆ?”

“ಬಹಳ ವರ್ಷ ಆಯ್ತು.”

“ಮತ್ತೆ ನಾವು ಕೈ ಎತ್ತೋವಾಗ ಯಾರೂ ಯಾಕೆ ಹೇಳಲಿಲ್ಲ?”

ಪ್ರೊಫೆಸರರು ಲೋಟದೊಳಗೆ ನೋಡಿದರು. “ವರದಿ ಕೊಟ್ಟಿದ್ವಮ್ಮ...”

“ಯಾರಿಗೆ?”

ಅಷ್ಟರಲ್ಲಿ ಸೂಪರ್‌ವೈಸರ್ ಓಡಿಬಂದ. “ಏಯ್, ನಿನ್ನ ಇಟ್ಕೊಂಡಿರೋದು ಟೀ ಕೊಡೋಕೆ, ಹರಟೆ ಹೊಡೆಯೋಕಲ್ಲ!”

ಅಮ್ಮ ತಟ್ಟೆಯನ್ನು ನೆಲದ ಮೇಲಿಟ್ಟು ಹಿತ್ತಲಿಗೆ ಇಳಿದಳು. ದೊಡ್ಡವಳು ಹಂಡೆಯೊಳಗೆ ಅರ್ಧ ಮೈ ಇಳಿಸಿ ತಳ ಕೆರೆಯುತ್ತಿದ್ದಳು.

“ಏಳು. ಸ್ಕೂಲಿಗೆ ನಡಿ.”

“ಬೇಡಮ್ಮ.” ಹುಡುಗಿಯ ಮುಖ ಬಿಳಿಚಿತು. “ಬೇಕಾದ್ರೆ ನಿನ್ನ ಪಾಲಿಂದೂ ನಾನೇ ಉಜ್ತೀನಿ. ಅಲ್ಲಿಗೆ ಮಾತ್ರ ಬೇಡ.”

ಅಮ್ಮ ಮಗಳ ಕೈಯ ನೊರೆಯನ್ನು ತನ್ನ ಬಟ್ಟೆಗೇ ಒರೆಸಿದಳು. “ನೀನು ದಡ್ಡಿ ಅಲ್ಲ ಕಣೇ. ಅದೇ ಕ್ಲಾಸಲ್ಲಿ ಕೂರಿಸಿದ್ರೆ ಯಾರೂ ಕಲಿಯಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತಂತೆ.”

ಸೂಪರ್‌ವೈಸರ್ ಗೇಟಿನ ತನಕ ಕೂಗುತ್ತಾ ಬಂದ. “ಈಗ ಹೋದ್ರೆ ಮತ್ತೆ ಕಾಲಿಡಬೇಡ ಮುಂಡೆ!”

“ನಿನ್ನ ಲೋಟ ನೀನೇ ತೊಳ್ಕೊಳೋ ಬೋಳಿಮಗನೇ.”

ಶಾಲೆಗೆ ಬಂದವಳು ನೇರ ಆರನೇ ಕ್ಲಾಸಿಗೆ ನುಗ್ಗಿ, ಚಿಕ್ಕವಳ ಬೆಂಚಿನಲ್ಲಿ ದೊಡ್ಡವಳನ್ನು ಕೂರಿಸಿ, ತಾನು ಪಕ್ಕದಲ್ಲಿ ನೆಲಕ್ಕೆ ಕುಕ್ಕರಿಸಿದಳು. ಟೀಚರಮ್ಮ ಸೀಮೆಸುಣ್ಣ ಹಿಡಿದ ಹಾಗೇ ನಿಂತುಬಿಟ್ಟರು. ಹೆಡ್‌ಮಾಸ್ಟರರು ದಡದಡ ಬಂದರು.

“ಯಾರನ್ನ ಕೇಳಿ ಒಳಗೆ ಬಂದೆ? ಐದು ಪಾಸಾಗಿದ್ದಾಳಾ ಇವಳು?”

“ಮೂರು ವರ್ಷ ಕೂರಿಸ್ಕೊಂಡ್ರಲ್ಲ ಸಾರ್, ಏನು ಕಲಿಸಿದ್ರಿ ಹೇಳಿ. ಎದ್ದು ಹೋಗ್ತೀವಿ.”

“ಪೊಲೀಸರನ್ನ ಕರೆಸ್ತೀನಿ!”

“ಕರೆಸಿ. ಬರೋ ತನಕ ಇವಳು ಪಾಠ ಕೇಳ್ತಾಳೆ.”

ಹೆಡ್‌ಮಾಸ್ಟರರು ಟೀಚರಿಗೆ ಕಣ್ಸನ್ನೆ ಮಾಡಿದರು. ಟೀಚರ್ ಮಕ್ಕಳನ್ನು ಸಾಲು ಮಾಡಿಸಿ ಹೊರಗೆ ಕರೆದೊಯ್ದರು. ಬೆಂಚುಗಳು ಒಂದೊಂದಾಗಿ ಬರಿದಾದವು. ಬಾಗಿಲಲ್ಲಿ ಯಾರೋ “ಅಜ್ಜಿ” ಎಂದು ಕಿಸಕ್ಕೆಂದರು. ಚಿಕ್ಕವಳು ಮಾತ್ರ ಕದಲಲಿಲ್ಲ.

“ನೀನೂ ಬಾರೇ,” ಟೀಚರ್ ಕರೆದರು.

ಚಿಕ್ಕವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

“ಸಾಯಲಿ ಬಿಡಿ. ಕಿಟಕಿ ಹಾಕೋ!” ಹೆಡ್‌ಮಾಸ್ಟರರು ಜವಾನನಿಗೆ ಅಂದರು.

ಕಿಟಕಿಗಳು ಹೊರಗಿನಿಂದ ಒಂದರ ಹಿಂದೊಂದು ಬಡಿದುಕೊಂಡವು. ಪ್ರತಿ ಬಡಿತಕ್ಕೂ ಕೋಣೆ ಅಷ್ಟಷ್ಟು ಕಪ್ಪಾಯಿತು. ಕೊನೆಗೆ ಬಾಗಿಲ ಚಿಲಕ ಬಿತ್ತು.

“ಅಮ್ಮ, ಹೋಗೋಣಮ್ಮ,” ದೊಡ್ಡವಳು ಬಿಕ್ಕಿದಳು.

“ಕೂತ್ಕೋ,” ಅಂದಳು ಅಮ್ಮ.