ಆರಿನ್ ಕೂಗಿದ ಗುರುತು

ಕರುವಿಗೆ ತಾಯಿಯ ಬರೆ. ಪೌಡರ್ ನದಿಯ ಬಯಲಿನಲ್ಲಿ ಇದಕ್ಕಿಂತ ದೊಡ್ಡ ಕಾನೂನಿರಲಿಲ್ಲ. ಉಳಿದ ಚಿಲ್ಲರೆ ಕಾನೂನುಗಳನ್ನೆಲ್ಲ ದನದ ಕಂಪನಿಯವರು ತಮಗೆ ಬೇಕಾದ ಹಾಗೆ ಬರೆಸಿಕೊಂಡಿದ್ದರು. ವಸಂತ ಬಂತೆಂದರೆ ಬಯಲಲ್ಲಿ ಚದುರಿದ ದನವನ್ನೆಲ್ಲ ಒಂದೆಡೆ ಕೂಡಿಸುತ್ತಾರೆ. ಒಬ್ಬ ಸವಾರ ಮಂದೆಯೊಳಗೆ ಹೋಗಿ, ಕರುವಿನ ಹಿಂಗಾಲಿಗೆ ಕುಣಿಕೆ ಎಸೆದು, ಬೆಂಕಿಯ ಹತ್ತಿರ ಎಳೆದು ತರುತ್ತಾನೆ. ಯಾವ ಹಸು ಅಂಬಾ ಎನ್ನುತ್ತ ಹಿಂದೆ ಬರುತ್ತದೋ ಅದರ ಪಕ್ಕೆಯ ಬರೆ ನೋಡಿ ಗುರುತು ಕೂಗುತ್ತಾನೆ. ಅವನು ಕೂಗಿದ ಒಡೆಯನ ಗುರುತೇ ಕಾದ ಕಬ್ಬಿಣದಿಂದ ಕರುವಿನ ಮೈಮೇಲೆ ಬೀಳುತ್ತದೆ. ತೊಳೆದರೆ ಹೋಗುವಂಥದ್ದಲ್ಲ ಅದು.

ಆರಿನ್ ಟ್ಯಾಡ್ಲಾಕ್ ತಲೆಗೂದಲು ಕಪ್ಪಗಿದ್ದಾಗಿನಿಂದ ಆ ಬಯಲಲ್ಲಿ ಗುರುತು ಕೂಗಿದವನು. ತಿನ್ನುತ್ತಿದ್ದದ್ದು ಏಣಿ ಗುರುತಿನ ಕಂಪನಿಯ ಉಪ್ಪು. ಆದರೂ ನಾಲ್ಕು ಹಸು ಕಟ್ಟಿಕೊಂಡು ಬದುಕುತ್ತಿದ್ದ ಹಿಡುವಳಿಯವರು ಒಮ್ಮೆಯೂ ಅವನ ಮಾತಿಗೆ ಎದುರಾಡಿದ್ದಿಲ್ಲ. ಒಬ್ಬರು ತಂತಿಬೇಲಿ ಹಾಕುವುದು, ಇನ್ನೊಬ್ಬರು ಅದನ್ನು ಕತ್ತರಿಸುವುದು, ನೀರಿನ ಹಳ್ಳಕ್ಕೆ ಬಂದೂಕಿನ ಕಾವಲು, ಹೀಗೆ ಎರಡೂ ಕಡೆಯವರು ಹಲ್ಲು ಮಸೆಯುತ್ತಿದ್ದ ಕಾಲ. ಆಗಲೂ ಇಬ್ಬರಿಗೂ ಒಪ್ಪಿಗೆಯಾಗುತ್ತಿದ್ದದ್ದು ಆರಿನ್‌ನ ಮಾತೊಂದೇ. ಮನೆಯಿಲ್ಲ, ಹೆಂಡತಿಯಿಲ್ಲ, ಅಂಗೈಯಗಲ ನೆಲವಿಲ್ಲ. ಇದ್ದ ಆಸ್ತಿ ಅದೇ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಆದರೆ ಜಂಬ ಮಂಡಿನೋವಿಗೆ ಮದ್ದಲ್ಲ. ಚಳಿಗಾಲ ಬಂದರೆ ಕಂಪನಿ ಹತ್ತಾರು ಆಳುಗಳನ್ನು ಬಿಟ್ಟುಬಿಡುತ್ತದೆ. ಹೋದ ವರ್ಷ ಆರಿನ್‌ನನ್ನೂ ಬಿಟ್ಟಿತು. ಇಡೀ ಚಳಿಗಾಲ ಕುದುರೆ ಏರಿ ಈ ಮನೆಯ ಬೀನ್ಸು, ಆ ಮನೆಯ ರೊಟ್ಟಿ ಎಂದು ಅಲೆದ. ಯಾರೂ ಇಲ್ಲವೆನ್ನಲಿಲ್ಲ, ಆ ಬಯಲಿನ ಪದ್ಧತಿಯೇ ಹಾಗೆ. ಇಲ್ಲವೆಂದಿದ್ದರೆ ಅವನಿಗೆ ಎಷ್ಟೋ ಸುಲಭವಿತ್ತು. ತಟ್ಟೆಗೆ ಎರಡನೇ ಸಲ ಬಡಿಸಿದಾಗಲೆಲ್ಲ ಅವನು ತಲೆ ಬಗ್ಗಿಸಿಕೊಂಡೇ ತಿನ್ನುತ್ತಿದ್ದ.

ಈ ವಸಂತದಲ್ಲಿ ಗುರುತು ಕೂಗಲು ಕಂಪನಿ ಅವನನ್ನು ಮತ್ತೆ ಕರೆಸಿತು. ದನ ಕೂಡಿಸಿದ್ದ ಆ ಬೆಳಿಗ್ಗೆ ಅವನು ಕುದುರೆಗೆ ಜೀನು ಬಿಗಿಯುತ್ತಿದ್ದಾಗ ಕಂಪನಿಯ ಮೇಸ್ತ್ರಿ ಲೈಲ್ ಕಟ್ಷಾ ಕಾಫಿ ಲೋಟ ಹಿಡಿದುಕೊಂಡು ಪಕ್ಕಕ್ಕೆ ಬಂದು ನಿಂತ.

"ಆಳುಮನೇಲಿ ಒಲೆ ಪಕ್ಕದ ಮಂಚ ಖಾಲಿಯಾಗಿದೆ, ಹಿರಿಯಾ. ನಿನಗೇ ಅಂತ ಇಟ್ಟಿದೀನಿ. ಈ ಚಳಿಗಾಲಕ್ಕಷ್ಟೇ ಅಲ್ಲ, ನೀನು ಇರೋವರೆಗೂ."

"ಅದಕ್ಕೆ ನಾನೇನ್ ಮಾಡ್ಬೇಕು?"

"ಕೂಗ್ಬೇಕು, ಇನ್ನೇನು? ಹಿಡುವಳಿಯವರ ಕರು ಬಂದಾಗ ಆಗೊಂದು ಈಗೊಂದು ನಮ್ಮ ಕಡೆ ವಾಲಿಸಿ ಕೂಗು ಅಷ್ಟೆ. ನಿನ್ನ ಮಾತು ಅಂದ್ರೆ ಅವರಿಗೆ ಬೈಬಲ್ಲು."

"ಆಗಲ್ಲ ಅಂದ್ರೆ?"

"ಅಂದ್ರೆ ಏನಿಲ್ಲಪ್ಪ. ಹಿಮದಲ್ಲಿ ಯಾರ ಮನೆ ಹೊಗೆ ಕಾಣ್ತದೆ ಅಂತ ಮೂಗು ಎತ್ಕೊಂಡು ಹೋಗ್ತಾ ಇರು. ಗೊತ್ತಿರೋ ದಾರಿನೇ ಅಲ್ವಾ?"

ಆರಿನ್ ಆಗಲಿ ಎನ್ನಲಿಲ್ಲ. ಆಗುವುದಿಲ್ಲ ಎಂದೂ ಅನ್ನಲಿಲ್ಲ. ಮನುಷ್ಯ ಕೆಡುವುದು ಹೆಚ್ಚಾಗಿ ಇವೆರಡರ ನಡುವಿನ ಜಾಗದಲ್ಲೇ.

ಮಧ್ಯಾಹ್ನದವರೆಗೆ ಅವನು ಕಂಡದ್ದನ್ನೇ ಕೂಗಿದ. ಕಟ್ಷಾ ಬೆಂಕಿಯ ಪಕ್ಕ ನಿಂತು ಸುಮ್ಮನೆ ಕೇಳಿಸಿಕೊಂಡ. ಹಿಡುವಳಿಯವರು ಆಚೆ ಗಾಡಿಗಳ ನೆರಳಲ್ಲಿ ಕೂತು ಮಾತಾಡುತ್ತ, ತಮ್ಮ ಕರುವಿನ ಸರದಿ ಬಂದಾಗ ಕತ್ತೆತ್ತಿ ನೋಡುತ್ತಿದ್ದರು. ಆಗ ಒಂದು ಕೆಂಪು ಕರು ಕುಣಿಕೆಗೆ ಬಿತ್ತು. ಅದರ ಹಿಂದೆಯೇ ಒಂದು ಕೊಂಬು ಮುರಿದ ಹಸು ಓಡಿ ಬಂತು. ಪಕ್ಕೆಯಲ್ಲಿ ಅರ್ಧಚಂದ್ರ, ಹಿಡುವಳಿಯ ಥಿರ್ಜಾ ಸ್ಟ್ರೌಡ್‌ಳ ಗುರುತು. ಪಕ್ಕೆ ನೋಡುವ ಅಗತ್ಯವೇ ಅವನಿಗಿರಲಿಲ್ಲ. ಥಿರ್ಜಾಳ ಗಂಡ ಸೊಂಟ ಮುರಿದುಕೊಂಡು ಮಲಗಿದ್ದಾನೆ. ಹೋದ ಚಳಿಗಾಲ ಅವರ ಮನೆಯಲ್ಲಿ ಉಂಡಷ್ಟು ದಿನವೂ ಆ ಹಸುವಿನ ಹಾಲು ಕರೆದವನು ಇದೇ ಆರಿನ್.

ಕಟ್ಷಾ ಕೆಮ್ಮಿದ. ನಿಜವಾಗಿ ಕೆಮ್ಮು ಬಂದಿತ್ತೋ ಏನೋ, ಆ ದೇವರಿಗೇ ಗೊತ್ತು.

"ಏಣಿ!" ಎಂದು ಕೂಗಿದ ಆರಿನ್.

ಉರಿಯಲ್ಲಿದ್ದ ಕಬ್ಬಿಣ ಬಂತು, ಕೂದಲು ಸುಟ್ಟ ವಾಸನೆ ಎದ್ದಿತು, ಕರು ಅರಚಿತು. ಹಗ್ಗ ಬಿಚ್ಚಿದ್ದೇ ತಡ, ಅದು ನೆಟ್ಟಗೆ ಓಡಿಹೋಗಿ ಅರ್ಧಚಂದ್ರದ ಹಸುವಿನ ಕೆಚ್ಚಲಿಗೆ ಬಾಯಿ ಹಾಕಿತು. ಹಸು ಕುತ್ತಿಗೆ ಹೊರಳಿಸಿ ಹಸಿ ಬರೆಯನ್ನು ನೆಕ್ಕತೊಡಗಿತು. ಎಲ್ಲರಿಗೂ ಕಾಣುವ ಜಾಗ, ನೆತ್ತಿಯ ಮೇಲಿನ ಬಿಸಿಲು. ಬರೆ ಹಾಕುವವರ ಕೈ ನಿಂತುಹೋಯಿತು. ಗಾಡಿಗಳ ಕಡೆ ಒಬ್ಬೊಬ್ಬರಾಗಿ ಎದ್ದು ನಿಂತರು.

"ಆ ಹಸುಗೆ ಕಣ್ ಕಾಣಲ್ಲ ಕಣ್ರೋ!" ಎಂದು ಕಟ್ಷಾ ನಗೆ ಎಬ್ಬಿಸಲು ನೋಡಿದ. ಒಬ್ಬಿಬ್ಬರು ನಕ್ಕರು, ಬೇಗನೆ ನಿಲ್ಲಿಸಿದರು.

ಥಿರ್ಜಾ ಗಾಡಿಗಳ ಕಡೆಯಿಂದ ಬಂದಳು. ಬೈಯುತ್ತಾಳೆ ಎಂದು ಆರಿನ್ ಕಾದ. ಬೈದಿದ್ದರೆ ಚೆನ್ನಾಗಿತ್ತು.

"ಹೊಗೆ ಕಣ್ಣಿಗೆ ಹೊಡೀತಲ್ವಾ ಆರಿನಣ್ಣಾ?" ಎಂದಳು. "ಬೆಳಿಗ್ಗೆಯಿಂದ ಕುದುರೆ ಮೇಲೇ ಇದ್ದೀಯ. ಯಾರಿಗಾದ್ರೂ ತಪ್ಪತ್ತೆ. ತಪ್ಪಾಯ್ತು ಅಂತ ಒಂದು ಮಾತು ಹೇಳ್ಬಿಡು, ಸರಿ ಮಾಡ್ಸೋಣ. ಅದ್ಯಾವ ದೊಡ್ಡ ವಿಷಯ?"

"ಆರಿನ್ ತಪ್ಪು ಮಾಡೋದೇ ಇಲ್ಲ ಕಣಮ್ಮ," ಎಂದ ಕಟ್ಷಾ. "ನೀವೇ ಅಲ್ವಾ ಹಾಗಂತ ಊರೆಲ್ಲ ಸಾರಿದ್ದು? ಏನಪ್ಪಾ ಆರಿನ್, ತಪ್ಪಿದ್ಯಾ?"

ಅವಳ ಮಾತು ಹಿಡಿದುಕೊಂಡರೆ ಅವನು ಪಾರಾಗುತ್ತಿದ್ದ. ಮಾನವೂ ಉಳಿಯುತ್ತಿತ್ತು, ಬಹುಶಃ ಒಲೆ ಪಕ್ಕದ ಮಂಚವೂ. ಆದರೆ ಅವಳು ಅವನ ಪರವಾಗಿ ಎಲ್ಲರ ಕಡೆ ತಿರುಗಿ, "ಪಾಪ, ವಯಸ್ಸಾಯ್ತಲ್ಲ," ಎಂದು ಹೇಳುತ್ತಿದ್ದಳು. ತನಗೇ ಮೋಸ ಮಾಡಿದವನಿಗೆ ಅವಳು ನೆಪ ಹುಡುಕುತ್ತಿದ್ದಾಳೆ. ಅದನ್ನು ಅವನಿಂದ ನೋಡಲಾಗಲಿಲ್ಲ.

"ಹೊಗೆ ಇಲ್ಲ, ಏನೂ ಇಲ್ಲ ಥಿರ್ಜಾ," ಎಂದ ಆರಿನ್. "ನಿನ್ನ ಹಸು ಅಂತ ಗೊತ್ತಿತ್ತು. ಬೇಕು ಅಂತಲೇ ಕೂಗ್ದೆ. ಚಳಿಗಾಲದಲ್ಲಿ ಮಲಗೋಕೆ ಜಾಗ ಕೊಡ್ತೀನಿ ಅಂದ್ರು, ಅದಕ್ಕೆ."

ಅವಳ ಮುಖದಲ್ಲಿದ್ದ ಮರುಕ ಕ್ಷಣ ಹೊತ್ತು ಹಾಗೇ ಇತ್ತು, ಅರ್ಥವಾಗುವುದಕ್ಕೆ ತಡವಾದ ಹಾಗೆ. ಆಮೇಲೆ ಹೋಯಿತು.

"ಕೇಳಿದ್ದಿದ್ರೆ ನಾವೇ ಕೊಡ್ತಿದ್ವಲ್ಲ," ಎಂದಳು.

ಬಿದ್ದ ಬರೆಯನ್ನು ರದ್ದು ಮಾಡುವುದಕ್ಕೆ ಒಂದೇ ದಾರಿ. ಅದರ ಮೇಲೆ ಅಡ್ಡಗೆರೆ ಸುಟ್ಟು, ಪಕ್ಕದಲ್ಲಿ ಸರಿಯಾದ ಗುರುತು ಸುಡಬೇಕು. ಆರಿನ್ ಕುದುರೆಯಿಂದಿಳಿದು ತಾನೇ ಕಬ್ಬಿಣ ಎತ್ತಿಕೊಂಡ. ಕಟ್ಷಾ ತಡೆಯಲಿಲ್ಲ, ಗಾಡಿಗಳ ಹತ್ತಿರ ಹಿಡುವಳಿಯವರ ಬಂದೂಕುಗಳಿದ್ದವು. "ನಿನ್ನ ಗಂಟುಮೂಟೆ ಹೊರಗೆ ಎಸೆಸ್ತೀನಿ," ಎಂದಷ್ಟೇ ಹೇಳಿದ. ಕರುವನ್ನು ಮತ್ತೆ ಕೆಡವಿದರು. ತಪ್ಪು ಮಾಡಿದವನು ಅವನು, ಇನ್ನೆರಡು ಸಲ ಸುಡಿಸಿಕೊಂಡದ್ದು ಕರು. ಅದರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡದ್ದನ್ನು ಆರಿನ್ ನೋಡಿದ. ಬಿಟ್ಟ ಮೇಲೆ ಅದು ಓಡಲಿಲ್ಲ, ಕುಂಟುತ್ತ ಹೋಯಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡ ಪಾಪದವನು. ಹೇಳಿಕೊಂಡರೆ ಹಗುರಾಗುತ್ತದೆ ಎಂದು ಯಾರೋ ಪಾದ್ರಿಗಳು ಹೇಳಿದ್ದನ್ನು ನಂಬಿದ್ದನೋ ಏನೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಡುವಳಿಯವರು ಒಬ್ಬೊಬ್ಬರಾಗಿ ಹತ್ತಿರ ಬರತೊಡಗಿದರು. ಯಾರೂ ದನಿ ಏರಿಸಲಿಲ್ಲ.

"ನನ್ನ ಬಿಳಿ ಕಾಲಿನ ಕರು, ಆರಿನ್? ಹೋದ ವರ್ಷ ಏಣಿ ಅಂದ್ಯಲ್ಲ?"

"ಅದು ಕಂಪನೀದೇ."

"ಹಳ್ಳದ ಹತ್ರದ ಆ ಎರಡು?"

"ನಾನು ಸುಳ್ಳು ಕೂಗಿದ್ದು ಇವತ್ತು ಮಾತ್ರ. ಇದೊಂದೇ."

"ಹೌದಾ?" ಎಂದು ಕೇಳಿದವನು ನೆಲ ನೋಡುತ್ತ ಹಿಂದೆ ಸರಿದ.

ಕೊನೆಗೆ ಬಂದವನು ಗಾಟ್‌ಲೀಬ್ ರಾಬ್, ಮೇಲ್ದಂಡೆಯ ಜರ್ಮನ್ ಮುದುಕ. ಟೋಪಿ ಕೈಯಲ್ಲಿ ಹಿಡಿದಿದ್ದ. ದೊಡ್ಡವರ ಎದುರು ನಿಲ್ಲುವ ಹಾಗೆ ಅವನು ಆರಿನ್‌ನ ಎದುರು ಯಾವಾಗಲೂ ಟೋಪಿ ತೆಗೆಯುತ್ತಿದ್ದ. ಆ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ.

"ನನ್ನ ತಮ್ಮ ಮಥಿಯಾಸ್," ಎಂದ ರಾಬ್. "ಅವನ ಬರೆ ಇದ್ದ ಕರು ಏಣಿಯವರ ಹಸೂದು ಅಂತ ನೀನು ಹೇಳ್ದೆ. ಆ ಮಾತಿನ ಮೇಲೆ ಅವನನ್ನ ಮರಕ್ಕೆ ನೇಣು ಹಾಕಿದ್ರು."

"ಗಾಟ್‌ಲೀಬ್, ಅದು ನಿಜ. ಆ ಹಸು ಅದಕ್ಕೆ ಹಾಲು ಕೊಟ್ಟಿದ್ದು ನಾನೇ ಕಣ್ಣಾರೆ ನೋಡಿದೀನಿ. ಅವನು ಕದ್ದಿದ್ದ."

"ಆರಿನ್ ಹೇಳಿದಾನೆ ಅಂದ್ಮೇಲೆ ಕದ್ದಿರ್ಬೇಕು ಅಂತ ನಾನೂ ಒಪ್ಕೊಂಡೆ. ಕಳ್ಳನಿಗೆ ಯಾಕೆ ಅಂತ ಗೋರಿ ಮೇಲೆ ಒಂದು ಶಿಲುಬೆ ಕೂಡ ಇಡ್ಲಿಲ್ಲ. ನಮ್ಮಮ್ಮ ಸಾಯೋವಾಗ ಅವನ ಹೆಸರು ಹೇಳಿದ್ಲು, ನಾನು ಬೈದೆ."

"ದೇವರಾಣೆ, ಗಾಟ್‌ಲೀಬ್. ನನ್ನ ತಾಯಾಣೆ, ಅದು ನಿಜ."

ಮುದುಕ ಅವನ ಮುಖವನ್ನು ತುಂಬ ಹೊತ್ತು ನೋಡಿದ. ಕಣ್ಣಲ್ಲಿ ಸಿಟ್ಟಿದ್ದರೆ ತಾಳಿಕೊಳ್ಳಬಹುದಿತ್ತು. ಏನನ್ನೋ ಹುಡುಕಿ ಸಿಗದವನ ಹಾಗೆ ನೋಡುತ್ತಿದ್ದ.

"ಇವತ್ತು 'ಏಣಿ' ಅಂದಾಗಲೂ ನಿನ್ನ ದನಿ ಹೀಗೇ ಇತ್ತಲ್ಲೋ," ಎಂದ.

ಟೋಪಿ ತಲೆಗೆ ಹಾಕಿಕೊಂಡು ರಾಬ್ ತನ್ನ ಗಾಡಿಯ ಹತ್ತಿರ ಹೋದ. ಪಕ್ಕದ ಹಲಗೆಗಳಲ್ಲಿ ಎರಡನ್ನು ಕೊಡಲಿಯ ಹಿಂಬದಿಯಿಂದ ಬಡಿದು ಕಿತ್ತ. ಒಂದನ್ನು ಅರ್ಧಕ್ಕೆ ಕಡಿದು, ಇನ್ನೊಂದರ ಮೇಲೆ ಶಿಲುಬೆಯ ಹಾಗೆ ಅಡ್ಡಲಾಗಿ ಇಟ್ಟು, ಮೊಳೆ ಹೊಡೆಯಲು ಕೂತ. ಉಳಿದವರು ಸುತ್ತ ನಿಂತು ಹಲಗೆ ಅಲ್ಲಾಡದಂತೆ ಹಿಡಿದುಕೊಂಡರು. ಥಿರ್ಜಾ ಮೊಳೆಗಳನ್ನು ಒಂದೊಂದಾಗಿ ಕೈಗೆ ಕೊಟ್ಟಳು. ಮಥಿಯಾಸ್ ಕದ್ದಿದ್ದ ಎಂಬುದು ಆ ಬಯಲಿನಲ್ಲಿ ಈಗ ಒಬ್ಬನಿಗೆ ಮಾತ್ರ ಗೊತ್ತು, ಅವನು ಕೂಗಿ ಹೇಳಿದರೂ ಕೇಳುವವರಿಲ್ಲ. ಆರಿನ್ ಕುದುರೆಯ ಲಗಾಮು ಹಿಡಿದುಕೊಂಡು, ಕೊನೆಯ ಮೊಳೆ ಇಳಿಯುವವರೆಗೂ ಅಲ್ಲೇ ನಿಂತಿದ್ದ.