ಮೂವತ್ತು ಸೆಕೆಂಡಿನ ಕೂಗು

ರೊಟ್ಟಿ ತಟ್ಟುತ್ತಿದ್ದ ನೀಲಾ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದಳು. ಅಂಗಳದ ಗೋಡೆಗೆ ಒತ್ತಿ ನಿಲ್ಲಿಸಿದ್ದ ಗಾಡಿ ದೀಪಗಳನ್ನು ಮಿಟುಕಿಸುತ್ತ ಒದರುತ್ತಿತ್ತು. ಗೋವಾದ ಸಾಂಕೋಲೆಯ ಆ ಚಾಳಿನ ಬಾಗಿಲು ಬಾಗಿಲಿಗೂ ಒಂದೊಂದು ತಲೆ ಕಾಣಿಸಿತು. ಅವಳು ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟಳು. ಎರಡು ಉಸಿರು ಕಳೆಯುವಷ್ಟರಲ್ಲಿ ಗಾಡಿ ಸುಮ್ಮನಾಯಿತು.

"ನೋಡ್ರಿ, ಹೆಂಡ್ತಿ ಕೈ ಹತ್ತಿತು, ಸುಮ್ಮ ಆತು," ಎಂದಳು ಎದುರು ಮನೆಯ ಧಾಮಿಬಾಯಿ. "ಅಪ್ಪಾಸಾಬನ ಜೀವ ಅದರಾಗ ಸಿಕ್ಕೊಂಡೈತಿ ಅಂತ ನಾ ಅವತ್ತ ಹೇಳೇನಿ. ಆದ್ರ ನೀಲಾ, ನನ್ನ ಸೊಸಿ ಹಸಿ ಬಾಣಂತಿ ಅದಾಳ. ಕೂಸು ಬೆಚ್ಚಿ ಬೆಚ್ಚಿ ಬೀಳತೈತಿ. ಇವತ್ತ ಸಂಜಿತನಕ ನೋಡ್ತೀವಿ. ಆಮ್ಯಾಲ ಈ ಗಾಡಿ ಅಂಗಳದಾಗ ಇರೂದಿಲ್ಲ."

ನೀಲಾ ಬಾನೆಟ್ಟಿಗೆ ಹತ್ತಿದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಈ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ ಗಂಡ ಅಪ್ಪಾಸಾಬ ಫ್ಯಾಕ್ಟರಿಯೊಂದರ ಗೇಟಿನಲ್ಲಿ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡು ಐದು ತಿಂಗಳು. ಗಾಡಿ ಕೂಗಲು ತೊಡಗಿ ಎರಡು ತಿಂಗಳು. ಧಾಮಿಬಾಯಿ ಹೇಳುವ ಮೊದಲೇ ಆ ಮಾತು ನೀಲಾಳ ಒಳಗೆ ಹುಟ್ಟಿತ್ತು. ಅವನು ಕರೆಯುತ್ತಾನೆ, ತಾನು ಹೋಗಿ ಮುಟ್ಟುತ್ತೇನೆ, ಅವನು ಸುಮ್ಮನಾಗುತ್ತಾನೆ. ಬದುಕಿದ್ದಾಗ ಇಷ್ಟು ಸಲ ಕರೆದವನಲ್ಲ. ಮೀನು ಪ್ಯಾಕಿಂಗ್ ಕೆಲಸದಲ್ಲಿ ಹತ್ತು ತಾಸು ನಿಂತು ಬಂದ ಅವಳ ಕಾಲುಗಳು ಆ ಕೂಗಿಗೆ ಮಾತ್ರ ಹೇಗೋ ಓಡುತ್ತಿದ್ದವು.

ಮಗಳು ಅಶ್ವಿನಿಯೇ ಫೋನ್ ಮಾಡಿ ಸಮೀಪದ ಕೊರ್ತಾಲಿಮ್‌ನಿಂದ ಮೈಬೂಬಸಾಬನನ್ನು ಕರೆಸಿದಳು. ಗಾಡಿಗಳ ವೈರಿಂಗ್ ಕೆಲಸದ ಆತನೇ ಈ ಅಲಾರಂ ಕೂರಿಸಿದವನು, ಅಪ್ಪಾಸಾಬನ ಚಹಾದ ಗೆಳೆಯ. ಬಂದವನೇ ರಿಮೋಟಿನ ಸೆಲ್ ಬದಲಿಸಿದ. ನಾಲ್ಕೂ ಬಾಗಿಲು ತೆರೆದು ಮುಚ್ಚಿದ. ಗಾಜಿನ ಮೇಲೆ ಬೆರಳಿನಿಂದ ಬಡಿದು ನೋಡಿದ. ಕೊನೆಗೆ ಬಾನೆಟ್ ಎತ್ತಿ, ಮುಂದಿನ ಅಂಚಿನಲ್ಲಿದ್ದ ಗುಂಡಿಯಂಥ ಸಣ್ಣ ಸ್ವಿಚ್ಚಿಗೆ ಟಾರ್ಚ್ ಹಿಡಿದ. ಅದರ ಸುತ್ತ ಹಸಿರು ಕಿಲುಬು, ಕಿಲುಬಿಗೆ ಅಂಟಿದ ಕುಂಕುಮ, ಒಣಗಿದ ತೆಂಗಿನ ನಾರು.

"ಬಾನೆಟ್ ತೆರದೈತೋ ಮುಚ್ಚೈತೋ ಅಂತ ಹೇಳೂ ಸ್ವಿಚ್ ಇದು. ಕೆಟ್ಟು ಹುಚ್ಚು ಹಿಡದೈತಿ. ಕಳ್ಳ ಬಂದು ತೆರದಾ ಅಂತ ತಿಳಕೊಂಡು ಚೀರತೈತಿ. ಇಲ್ಲಿ ಯಾರವ್ವಾ ಕಾಯಿನೀರು ಸುರುವಿದವರು?"

"ನಾನ್ರಿ ಕಾಕಾ." ನೀಲಾಳ ದನಿ ತಗ್ಗಿತು. "ಅಮಾಸಿಗೊಮ್ಮೆ. ಯಾರೂ ಏಳೂಕಿಂತ ಮೊದಲ. ಗಂಡ ಸತ್ತಾಕಿ ಕಾಯಿ ಒಡೀತಾಳ ಅಂದಾರು ಅಂತ."

"ಅಂವಾ ಗಾಲಿ ಮುಂದ ನೆಲಕ್ಕ ಒಡೀತಿದ್ದ, ನೀರೂ ಗಾಲಿಗೇ ಹಾಕ್ತಿದ್ದ. ಆರು ವರ್ಷ ನೋಡೀಯಲ್ಲ?"

ನೋಡಿದ್ದಳು, ಹೊಸ್ತಿಲೊಳಗೆ ನಿಂತು. ಗಾಡಿಪೂಜೆಗೆ ಹೆಂಗಸರು ಹತ್ತಿರ ಬರಬಾರದೆಂದು ಅವನು ಎಂದೋ ಹೇಳಿದ್ದ. ಅವಳಿಗೆ ಕಂಡದ್ದು ಬೆನ್ನು ಮಾತ್ರ: ಅದು ಬಾಗುವುದು, ಠಪ್ಪೆನ್ನುವ ಸದ್ದು, ನೀರು ಸುರಿಯುವ ಕೈಯ ಮೊಣಕೈ. ಉಳಿದದ್ದನ್ನು, ನೀರು ಬಾನೆಟ್ಟಿನ ಮೇಲೆ ಬೀಳುತ್ತದೆಂದು, ಅವಳೇ ಊಹಿಸಿಕೊಂಡಿದ್ದಳು.

"ಮತ್ತ ನಾ ಕೈ ಇಟ್ಟರ ಸುಮ್ಮ ಆಗತೈತಲ್ರಿ?"

ಮೈಬೂಬಸಾಬ ನಕ್ಕ. "ಮೂವತ್ತು ಸೆಕೆಂಡು ಒದರಿ ತಾನಾ ಬಂದ್ ಆಗತೈತಿ. ನಾನ ಹಂಗ ಇಟ್ಟೇನಿ. ನೀ ಒಳಗಿಂದ ಓಡಿ ಬರೂದಕ್ಕ ಅಷ್ಟು ಹೊತ್ತು ಹಿಡೀತೈತಿ, ಅಷ್ಟ." ಹೇಳಿದ ಮೇಲೆ ಅವಳ ಮುಖ ನೋಡಿದ. ನಗು ಅಲ್ಲೇ ನಿಂತಿತು.

ಎದುರು ಮನೆಯಲ್ಲಿ ಕೂಸು ಸಣ್ಣಗೆ ಮುಲುಗಿತು.

"ವಾರಕ್ಕೊಮ್ಮೆರ ಕೂಗೂ ಹಂಗ ಇಡಾಕ ಬರೂದಿಲ್ಲೇನ್ರಿ ಕಾಕಾ?"

ಅವನು ನಟ್ಟು ತಿರುಗಿಸುವ ಪಾನಾ ಹಿಡಿದ ಕೈ ಇಳಿಸಿ ಎದುರು ಮನೆಯ ಕಡೆ ನೋಡಿದ.

"ಬ್ಯಾಡ ಬಿಡ್ರಿ," ಎಂದಳು ಅವಳೇ. "ಹೊಸಾದು ಹಾಕ್ರಿ."

ಹೊಸ ಸ್ವಿಚ್ಚು ಕೂರಿಸಿ, ಬಾನೆಟ್ ಇಳಿಸಿ, ಅಲಾರಂ ಹಾಕಿ, ಇಬ್ಬರೂ ಗಾಡಿಯ ಎದುರು ಕಾದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹೆದ್ದಾರಿಯ ಟ್ರಕ್ಕುಗಳ ಸದ್ದೊಂದು ಬಿಟ್ಟರೆ ಏನೂ ಇಲ್ಲ. ಧಾಮಿಬಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಈಗ ಅವಳ ದನಿಯಲ್ಲಿ ಜಗಳವಿರಲಿಲ್ಲ.

"ಹೋದನೇನವಾ?"

ನೀಲಾ ಹೌದೆಂದು ತಲೆಯಾಡಿಸಿದಳು.

"ದಿನಾ ಹತ್ತು ನಿಮಿಷ ಚಾಲೂ ಮಾಡಿಡವ್ವಾ, ಇಲ್ಲಾಂದ್ರ ಬ್ಯಾಟರಿ ಸಾಯತೈತಿ," ಎಂದ ಮೈಬೂಬಸಾಬ. "ಕುಂಡ್ರು, ತೋರಸ್ತೇನಿ. ನ್ಯೂಟ್ರಲ್‌ನಾಗ ಐತಿ, ಅಂಜಬ್ಯಾಡ."

ಡ್ರೈವರ್ ಸೀಟಿನಲ್ಲಿ ಅವಳು ಎಂದೂ ಕುಳಿತವಳಲ್ಲ. ಅಪ್ಪಾಸಾಬ ಎತ್ತರದ ಆಳು. ಸೀಟು ಪೂರ್ತಿ ಹಿಂದಿತ್ತು. ಮೈಬೂಬಸಾಬ ಬಗ್ಗಿ ಸೀಟಿನ ಕೆಳಗೆ ಕೈ ಹಾಕಿ, "ಮುಂದ ಸರಸ್ತೇನಿ ತಡಿ," ಎಂದ.

"ಬ್ಯಾಡ್ರಿ ಕಾಕಾ. ಇವತ್ತೊಂದಿನ ಇರ್ಲಿ."

ಕೀಲಿ ತಿರುವಿದಳು. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕುಳಿತಳು. ಪೆಡಲ್ಲಿನ ಕೆಳಗೆ, ಅವನ ಹಿಮ್ಮಡಿ ಸವೆಸಿದ ರಬ್ಬರಿನ ಹಾಸಿನಲ್ಲಿ, ಒಂದು ಸಣ್ಣ ಕುಳಿ ಬಿದ್ದಿತ್ತು. ಅವಳು ಕಾಲು ಚಾಚಿದಳು. ಆ ಕುಳಿ ಮುಟ್ಟಲು ಇನ್ನೂ ಒಂದು ಗೇಣು ಉಳಿಯಿತು.