ಪರಂಪರೆಯ ಮೂರು ಮೆಟ್ಟಿಲು

ಕೋಳಿಗೂಡಿನ ಬಾಗಿಲಲ್ಲಿ ಜಾರಿ ಬಿದ್ದ ಎಲ್ಫ್ರೀಡಾ ನೋಸ್ಕೆ ಆಸ್ಪತ್ರೆ ಸೇರಿ ಐದು ವಾರವಾಗಿತ್ತು. ಎಂಬತ್ನಾಲ್ಕರ ಸೊಂಟದ ಮೂಳೆ ಯಾರೂ ನಂಬದ ಹಾಗೆ ಕೂಡಿಕೊಂಡಿತ್ತು. ಮನೆಗೆ ಬರುವುದಕ್ಕೆ ಈಗ ಅಡ್ಡ ಇದ್ದದ್ದು ಮನೆಯೇ.

ಆಸ್ಪತ್ರೆಯಿಂದ ಬಂದ ಪರಿಶೀಲಕಿ ಟೇಪು ಹಿಡಿದು ಸುತ್ತ ಅಳೆದಳು. ಹಿಂಬಾಗಿಲ ದಾರಿ ನೆಲಮಾಳಿಗೆಗೆ ಅಂಟಿಕೊಂಡು ಸೊಟ್ಟಗೆ ತಿರುಗುತ್ತಿತ್ತು, ಅಲ್ಲಿ ಗಾಲಿಕುರ್ಚಿ ಹೋಗದು. ಮುಂದೆ, ಜಗಲಿಗೆ ಹತ್ತಲು, ಮೂರು ಕಪ್ಪುಕಲ್ಲಿನ ಮೆಟ್ಟಿಲು.

"ಇಲ್ಲಿಗೊಂದು ಇಳಿಜಾರು ಮಾಡ್ಸಿ. ಮುಂದಿನ ಶುಕ್ರವಾರ ಬಂದು ನೋಡ್ತೀನಿ. ಆಗಿಲ್ಲ ಅಂದ್ರೆ ಅಡಿಲೇಡಲ್ಲಿ ವೃದ್ಧರ ಮನೇಲಿ ಒಂದು ಹಾಸಿಗೆ ಖಾಲಿ ಇದೆ, ಅಲ್ಲಿಗೆ ಕಳಿಸ್ಬೇಕಾಗುತ್ತೆ."

ಸೊಸೆ ಜನೀನ್ ತಲೆಯಾಡಿಸಿದಳು. ಅತ್ತೆಯನ್ನು ನಗರದ ಒಂದು ಕಿಟಕಿಯ ಪಕ್ಕ ಕೂರಿಸಿ ನೋಡಲು ಪ್ರಯತ್ನಿಸಿದಳು; ಚಿತ್ರ ಕೂರಲಿಲ್ಲ. ಇಗರ್ಜಿಯ ಮಹಿಳಾ ಸಂಘಕ್ಕೆ ಹತ್ತೊಂಬತ್ತು ವರ್ಷ ಅಧ್ಯಕ್ಷೆಯಾಗಿದ್ದವರು, ತಮ್ಮ ಕೋಳಿಗಳು ಬೇರೆಯವರ ಕೋಳಿಗಳಿಗಿಂತ ಸಭ್ಯರು ಎಂದು ನಂಬಿದವರು. ಅವರು ಅಲ್ಲಿ ಯಾರನ್ನು ತಿದ್ದುತ್ತಾರೆ?

"ನಾಕು ಹಲಗೆ, ಒಂದು ಹಿಡಿ ಮೊಳೆ," ಎಂದ ಗಂಡ ಕ್ಲೈವ್. "ಚಹಾ ಹೊತ್ತಿಗೆ ಮುಗಿಸಿರ್ತೀನಿ."

"ಅದನ್ನ ಏನು ಮಾಡ್ತೀಯ?" ಎಂದು ಜನೀನ್ ಬಾಗಿಲ ಪಕ್ಕದ ಹಿತ್ತಾಳೆ ಫಲಕ ತೋರಿಸಿದಳು.

ಕ್ಲೈವ್ ಸುತ್ತಿಗೆ ಕೆಳಗಿಟ್ಟ.

ಆ ಫಲಕ ಅತ್ತೆಯೇ ತರಿಸಿಕೊಂಡದ್ದು. ಮುತ್ತಾತ ಗೊಟ್ಲೀಬ್ ಜರ್ಮನ್ ನಾಡಿನ ಸೈಲೀಸಿಯಾದಿಂದ ಹಡಗಿನಲ್ಲಿ ಬಂದು ೧೮೫೮ರಲ್ಲಿ ನೀಲಿಕಲ್ಲು, ಜೇಡಿಮಣ್ಣು, ಗೋಧಿಹೊಟ್ಟು ಸೇರಿಸಿ ಕಟ್ಟಿದ ಮನೆ ಇದು. ಎರಡು ವರ್ಷದ ಹಿಂದೆ ಅತ್ತೆ ಇದನ್ನು ಪರಂಪರೆ ಕಟ್ಟಡಗಳ ಪಟ್ಟಿಗೆ ಸೇರಿಸಿ ಎಂದು ಅರ್ಜಿ ಬರೆದರು. ಕೌನ್ಸಿಲ್ಲಿನ ಪರಂಪರೆ ಸಲಹೆಗಾರ ಐನ್ಸ್ಲಿ ಕ್ರಾಫ್ಟ್ ಮೂರು ಸಲ ಬಂದ. ಮೂರು ಸಲವೂ ಅತ್ತೆ, ಬೆಣ್ಣೆಪುಡಿ ಉದುರಿಸಿದ ಸ್ಟ್ರಾಯ್ಸೆಲ್ ಎಂಬ ಜರ್ಮನ್ ಕೇಕು ಬೇಯಿಸಿದರು. ಗೋಡೆಗೆ ಅವನು ತಲೆದೂಗಿದ, ತೊಲೆಗೆ ತಲೆದೂಗಿದ. ಮೆಟ್ಟಿಲು ಕಂಡಾಗ ಮಾತ್ರ ಮಂಡಿಯೂರಿದ. ಮೂರೂ ಕಲ್ಲು ನಡುವೆ ಬಟ್ಟಲಿನ ಹಾಗೆ ಸವೆದಿದ್ದವು.

"ಇದನ್ನ ಹಾಕಿದ್ದು ಯಾರು?" ಎಂದು ಕೇಳಿದ್ದ.

"ಗೊಟ್ಲೀಬ್ ತಾತನೇ," ಎಂದಿದ್ದರು ಅತ್ತೆ, ಕೇಕಿನ ಎರಡನೇ ತುಂಡು ಅವನ ತಟ್ಟೆಗೆ ಜಾರಿಸುತ್ತ.

ವರದಿಯಲ್ಲಿ ಇಡೀ ಮನೆಗೆ ಐದು ಪುಟ, ಮೆಟ್ಟಿಲಿಗೆ ಒಂಬತ್ತು. 'ದೇವರ ಹೆಸರಲ್ಲಿ ಕಡಲು ದಾಟಿದ ಶ್ರದ್ಧಾವಂತರ ಪಾದಗಳು ಸವೆಸಿದ ಶಿಲೆ' ಎಂಬ ಸಾಲು ಫಲಕದ ಮೇಲೂ ಕೂತಿತು. ಅಂದಿನಿಂದ ಅತ್ತೆ ಪ್ರತಿ ಶನಿವಾರ ಅದನ್ನು ಉಜ್ಜಿ ಹೊಳೆಯಿಸುತ್ತಿದ್ದರು. ಕೌನ್ಸಿಲ್ಲಿನ ಒಪ್ಪಿಗೆಯಿಲ್ಲದೆ ಮನೆಗೆ ಒಂದು ಮೊಳೆ ಹೊಡೆಯುವಂತೆಯೂ ಇರಲಿಲ್ಲ.

ಜನೀನ್ ಕ್ರಾಫ್ಟ್‌ನನ್ನು ಕರೆಸಿದಳು. ಬಂದವನು ಮೊದಲು ರಸ್ತೆಗೆ ಹೋಗಿ ಅಲ್ಲಿಂದ ಮನೆ ನೋಡಿದ.

"ಹಲಗೆ ಹಾಕಿದ್ರೆ ಮೆಟ್ಟಿಲು ಮರೆಯಾಗುತ್ತೆ. ರಸ್ತೆಯಿಂದ ಕಾಣೋದಿಲ್ಲ."

"ಈ ರಸ್ತೇಲಿ ದಿನಕ್ಕೊಂದು ಶಾಲೆ ಬಸ್ಸು ಬರುತ್ತೆ, ಐನ್ಸ್ಲಿ. ಡ್ರೈವರಿಗೆ ಒಂದೇ ಕಣ್ಣು."

"ಅರ್ಜಿ ಹಾಕಿ. ಸಮಿತಿ ಆರು ವಾರಕ್ಕೊಮ್ಮೆ ಸೇರುತ್ತೆ."

"ಹೋದ ಸಲ ಯಾವಾಗ ಸೇರಿತ್ತು?"

"ಮೊನ್ನೆ." ಅವನ ಮುಖ ನಿಜವಾಗಿಯೂ ಬಾಡಿತ್ತು. "ನಾನು ಕೆಟ್ಟೋನಲ್ಲ, ಜನೀನ್. ಗೊಟ್ಲೀಬ್ ಕೈಯಾರೆ ಇಟ್ಟ ಕಲ್ಲು. ನಿನ್ನೆ ಮೊನ್ನೆ ಯಾರೋ ತಂದಿಟ್ಟ ಕಲ್ಲಾಗಿದ್ರೆ ಬೇರೆ ಮಾತಿತ್ತು."

ಇದನ್ನೆಲ್ಲ ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೇಳಿದಾಗ ಅತ್ತೆ ಹೊದಿಕೆಯ ಅಂಚು ಮಡಚಿದರು. ಆಮೇಲೆ ಅಂದರು: "ಬಾಗಿಲು ಹಾಕು."

ಜನೀನ್ ಬಾಗಿಲು ಹಾಕಿ ಬಂದಳು.

"ಆ ಕಲ್ಲು ಗೊಟ್ಲೀಬ್ ತಾತನದಲ್ಲ. ನಿನ್ನ ಮಾವ ಆಲ್ಫೋನ್ಸ್ ಎಪ್ಪತ್ತೊಂದನೇ ಇಸವೀಲಿ ಟ್ರೇಲರಲ್ಲಿ ಹಾಕ್ಕೊಂಡು ಬಂದದ್ದು. ಊರ ನಡುವಿನ ಹಳೇ ಪಬ್ಬು ಕೆಡವಿದ್ರಲ್ಲ, ಅದರ ಬಾಗಿಲ ಮೆಟ್ಟಿಲು."

ಜನೀನ್‌ಗೆ ನಗು ಬಂತು, ಅತ್ತೆಯ ಮುಖ ನೋಡಿ ತಡೆದುಕೊಂಡಳು.

"ನಮ್ಮಪ್ಪ ದಿನಾ ಅಲ್ಲೇ ಇರ್ತಿದ್ದ. ಅಮ್ಮ ಕರ್ಕೊಂಡು ಬಾ ಅಂತ ಕಳಿಸ್ತಿದ್ಲು. ಹುಡುಗೀರು ಒಳಗೆ ಹೋಗೋ ಹಾಗಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತು ಕಾಯ್ತಿದ್ದೆ. ಆಲ್ಫೋನ್ಸ್‌ಗೆ ಇದೊಂದೂ ಗೊತ್ತಿರ್ಲಿಲ್ಲ, ಒಳ್ಳೇ ಕಲ್ಲು ಪುಕ್ಕಟೆ ಸಿಕ್ತು ಅಂತ ಕುಣೀತಾ ಇಳಿಸಿದ. ಕಲ್ಲಲ್ಲಿ ಸವೆದ ಆ ಗುಂಡಿ ನೋಡಿದ್ ಕೂಡಲೇ ನಂಗೆ ಗುರುತು ಸಿಕ್ತು." ಅವರು ಮೂಗು ಒರೆಸಿಕೊಂಡರು. "ಶ್ರದ್ಧಾವಂತರ ಪಾದವಂತೆ! ಸಂಘದ ಹೆಂಗಸರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸ್ಕೊಂಡಿದ್ದಾರೆ."

"ಐನ್ಸ್ಲಿಗೆ ಹೇಳೋದು ಬೇಡ ಅಮ್ಮ, ಬೇರೆ ದಾರಿ ಹುಡುಕೋಣ."

"ಬೇಡ. ಹೇಳು. ನಂಗೆ ಮನೆಗೆ ಬರ್ಬೇಕು."

ಅಷ್ಟು ಹೇಳಲು ಅತ್ತೆಗೆ ಎಷ್ಟು ಕಷ್ಟವಾಯಿತೆಂದು ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದವಳಿಗೆ ಗೊತ್ತು. ಬಾಗಿಲ ಬಳಿ ಹೋದವಳನ್ನು ಅವರು ಮತ್ತೆ ಕರೆದರು.

"ಅಪ್ಪನ ವಿಷಯ ಮಾತ್ರ ಬೇಡ."

ಜನೀನ್ ಫೋನಿನಲ್ಲಿ ಕ್ರಾಫ್ಟ್‌ಗೆ ಅಪ್ಪನ ವಿಷಯ ಬಿಟ್ಟು ಎಲ್ಲ ಹೇಳಿದಳು.

"ಆ ಪಬ್ಬಿನದಾ? ಖಂಡಿತಾನಾ?"

"ಖಂಡಿತ. ಸುಳ್ಳು ಹೇಳಿದ್ದಕ್ಕೆ ಅಮ್ಮ ಕ್ಷಮೆ ಕೇಳಿದ್ದಾರೆ. ಹಾಗಾದ್ರೆ ಹಲಗೆ ಹಾಕಬಹುದಲ್ಲ?"

"ಹಲಗೇನಾ? ಜನೀನ್, ಜಿಲ್ಲೆಯ ಮೊದಲನೇ ಪಬ್ಬು ಅದು! ಒಂದು ಇಟ್ಟಿಗೆ ಕೂಡ ಉಳ್ದಿಲ್ಲ ಅಂದ್ಕೊಂಡಿದ್ವಿ. ಈಗ ಮೆಟ್ಟಿಲೇ ಸಿಕ್ಕಿದೆ! ಇನ್ನು ಇದಕ್ಕೆ ಎರಡು ಪಟ್ಟು ರಕ್ಷಣೆ. ಒಂದು ಮನೆಯ ಭಾಗ ಅಂತ, ಇನ್ನೊಂದು ಪಬ್ಬಿನ ಅವಶೇಷ ಅಂತ. ಯಾರೂ ತುಳೀಬೇಡಿ. ಹಗ್ಗ ಕಳಿಸ್ತೀನಿ."

ಹಗ್ಗ ಮರುದಿನವೇ ಬಂತು. ಹಿಂಬಾಗಿಲಿಗೆ ಸುತ್ತಿಹೋಗಲು ಒಪ್ಪದ ಕ್ಲೈವ್ ತನ್ನ ಮನೆಗೆ ತಾನೇ ಅಡುಗೆಮನೆ ಕಿಟಕಿಯಿಂದ ಹತ್ತಿ ಇಳಿದು, ಒಂದು ಬೂಟು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಬಿಟ್ಟು, ಸಂಜೆಯವರೆಗೆ ಕೌನ್ಸಿಲ್ಲನ್ನು ಬೈದ.

ಬುಧವಾರ ಜನೀನ್ ಆಲೂಗಡ್ಡೆ ಸುಲಿಯುತ್ತ ಪರಂಪರೆ ನಿಯಮಾವಳಿಯನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಓದಿದಳು. ಐವತ್ತೆಂಟು ಪುಟ. ಮನುಷ್ಯರು ಏನೇನು ಮಾಡಬಾರದು ಎಂಬುದು ಐವತ್ತಾರು ಪುಟ. ಐವತ್ತೇಳರಲ್ಲಿ ಅವಳ ಚಾಕು ನಿಂತಿತು. 'ಜಾನುವಾರು ಹತ್ತಿಸಲು, ಇಳಿಸಲು ಬೇಕಾದ, ಚಕ್ರದ ಮೇಲಿರುವ ಕೃಷಿ ಸಲಕರಣೆಗೆ ಈ ನಿಯಮಗಳು ಅನ್ವಯಿಸುವುದಿಲ್ಲ.'

"ಕ್ಲೈವ್!" ಎಂದು ಕಿಟಕಿಯಿಂದ ಕೂಗಿದಳು. "ಕುರಿ ಲಾರಿಗೆ ಹತ್ತಿಸೋ ಆ ಚಕ್ರದ ಸೇತುವೆ ಎಲ್ಲಿದೆ?"

"ಉಣ್ಣೆ ಕತ್ತರಿಸೋ ಕೊಟ್ಟಿಗೆ ಹಿಂದೆ. ಯಾಕೆ?"

"ಎಷ್ಟು ಉದ್ದ?"

"ಲಾರಿಯ ಮೇಲಂತಸ್ತಿಗೆ ಹತ್ತಿಸೋದು, ಆರು ಮೀಟರ್ ಇದೆ. ಯಾಕೆ ಅಂತೀನಿ?"

"ಅಗಲ?"

ಕ್ಲೈವ್‌ಗೆ ಅರ್ಥವಾಯಿತು. ಹ್ಯಾಟು ತೆಗೆದು ತಲೆ ಕೆರೆದುಕೊಂಡ.

"ಅಮ್ಮ ನನ್ನ ಕೊಂದು ಹಾಕ್ತಾಳೆ ಕಣೇ."

ಗುರುವಾರ ಇಡೀ ದಿನ ಇಬ್ಬರೂ ಸೇತುವೆ ತೊಳೆದರು. ಹದಿನೈದು ವರ್ಷದ ಹಿಕ್ಕೆ ಅಂದರೆ ಅದೂ ಒಂದು ಪರಂಪರೆಯೇ, ಅಷ್ಟು ಸುಲಭಕ್ಕೆ ಬಿಡಲಿಲ್ಲ. ಗೊರಸಿಗೆಂದು ಹೊಡೆದ ಅಡ್ಡಪಟ್ಟಿಗಳ ಮೇಲೆ ರಬ್ಬರ್ ಚಾಪೆ ಹಾಸಿದರು. ಟ್ರಾಕ್ಟರಿಂದ ಎಳೆದು ತಂದು, ಜಗಲಿಯ ಅಂಚಿಗೆ ತಾಗಿಸಿ, ತುದಿ ತಗ್ಗಿಸಿದರು. ಅಷ್ಟು ಉದ್ದದ ಸೇತುವೆ ಮೂರು ಮೆಟ್ಟಿಲಿನ ಎತ್ತರಕ್ಕೆ ಹಾಯಾಗಿ ಮಲಗಿತು. ಅಡಿಯಲ್ಲಿ ಮೆಟ್ಟಿಲು, ಹಗ್ಗ ಎರಡೂ ಕ್ಷೇಮ.

ಶುಕ್ರವಾರ ಕ್ರಾಫ್ಟ್ ಬಂದವನೇ ಹೌಹಾರಿದ. ಜನೀನ್ ಪುಟ ಐವತ್ತೇಳನ್ನು ಅವನ ಮೂಗಿನ ಮುಂದೆ ಹಿಡಿದಳು.

ಅವನು ಎರಡು ಸಲ ಓದಿದ. "ಕುರಿಗಾದ್ರೆ ನಂದೇನೂ ಆಕ್ಷೇಪವಿಲ್ಲ," ಎಂದ ನಿಧಾನವಾಗಿ. "ಆದ್ರೆ ಕುರಿಗೇ ಬಳಸ್ಬೇಕು. ನಾನು ಕಣ್ಣಾರೆ ನೋಡಿ ಬರ್ಕೋಬೇಕು."

ಅಷ್ಟರಲ್ಲಿ ಆಸ್ಪತ್ರೆಯ ಗಾಡಿ ಬಂದು ನಿಂತಿತು. ಪರಿಶೀಲಕಿ ಇಳಿದಳು, ಗಾಲಿಕುರ್ಚಿ ಇಳಿಯಿತು, ಅದರಲ್ಲಿ ಇಗರ್ಜಿಗೆ ಹೋಗುವ ಟೋಪಿ ಹಾಕಿಕೊಂಡ ಎಲ್ಫ್ರೀಡಾ. ಅವರು ಸೇತುವೆ ನೋಡಿದರು, ಮಗನನ್ನು ನೋಡಿದರು.

"ಏನೋ ಇದು?"

"ಕುರಿ ಸೇತುವೆ ಅಮ್ಮ. ತೊಳ್ದಿದ್ದೀವಿ."

"ನಿನ್ನ ತೊಳಿಯೋದು ನಂಗೊತ್ತಿಲ್ವಾ? ಇಲ್ಲಿಗೇ ವಾಸನೆ ಬರ್ತಿದೆ."

ಜನೀನ್ ಒಳಗೋಡಿದಳು. ಅಡುಗೆಮನೆಯ ಒಲೆಯ ಪಕ್ಕ ರಟ್ಟಿನ ಪೆಟ್ಟಿಗೆಯಲ್ಲಿ, ಪ್ರತಿ ಚಳಿಗಾಲದಂತೆ, ತಾಯಿ ಸತ್ತ ಕುರಿಮರಿಯೊಂದು ಬಾಟಲಿ ಹಾಲು ಕುಡಿದು ಮಲಗಿತ್ತು. ಅದನ್ನೆತ್ತಿ ತಂದು ಅತ್ತೆಯ ತೊಡೆಯ ಮೇಲಿಟ್ಟಳು.

"ಇದನ್ನ ಹಿಡ್ಕೊಳ್ಳಿ ಅಮ್ಮ. ಇವತ್ತು ಒಳಗೆ ಹೋಗ್ತಿರೋದು ಇದು. ನೀವು ಜೊತೆಗೆ."

ಎಲ್ಫ್ರೀಡಾ ಸೊಸೆಯನ್ನು ನೋಡಿದರು, ಕ್ರಾಫ್ಟ್‌ನ ಕೈಯ ಪೆನ್ನು ನೋಡಿದರು. ಮರಿಯ ಕಿವಿ ಸರಿಪಡಿಸಿ ಟೋಪಿ ಬಿಗಿ ಮಾಡಿಕೊಂಡರು. ಕ್ಲೈವ್ ಹಿಂದಿನಿಂದ ತಳ್ಳಿದ. ಅಭ್ಯಾಸಬಲದಿಂದ ಬಾಯಿ ತಾನಾಗಿ "ಹೋ, ಹೋ, ಹತ್ತು, ಹತ್ತು" ಎಂದಿತು.

"ಕ್ಲೈವ್!"

"ಕ್ಷಮಿಸಮ್ಮ."

ಚಕ್ರ ಜಗಲಿ ಮುಟ್ಟಿತು. ಪರಿಶೀಲಕಿ ಇಳಿಜಾರು ಅಳೆದು, ಎರಡು ಬದಿಯ ಕಂಬಿ ಅಲುಗಿಸಿ ನೋಡಿ, ಇಷ್ಟು ಗಟ್ಟಿಯಾದದ್ದು ಆಸ್ಪತ್ರೆಯಲ್ಲೂ ಇಲ್ಲ ಎಂದು ಸಹಿ ಹಾಕಿದಳು. ಅಡಿಲೇಡಿನ ಹಾಸಿಗೆ ಬೇರೆ ಯಾರಿಗೋ ಹೋಯಿತು.

ಅತ್ತೆ ಜಗಲಿಯ ಅಂಚಿನಿಂದ ಬಗ್ಗಿ, ಸೇತುವೆಯ ಅಡಿಯ ನೆರಳಲ್ಲಿದ್ದ ಕೆಳಗಿನ ಮೆಟ್ಟಿಲನ್ನು ಸ್ವಲ್ಪ ಹೊತ್ತು ನೋಡಿದರು. ಜನೀನ್ ಅವರ ಭುಜದ ಮೇಲೆ ಕೈಯಿಟ್ಟಳು.

"ಎಷ್ಟು ಸಂಜೆ ಕೂತಿದ್ದೆನೋ," ಎಂದರು ಅತ್ತೆ, ಅವಳಿಗಷ್ಟೇ ಕೇಳುವಂತೆ. "ಇವತ್ತು ನನ್ನನ್ನ ಕರ್ಕೊಂಡು ಹೋಗೋಕೆ ಜನ ಬಂದಿದ್ದಾರೆ ನೋಡು." ಆಮೇಲೆ ದನಿ ಏರಿಸಿದರು: "ಆ ಫಲಕ ನೋಡು, ಆರು ವಾರದಿಂದ ಯಾರೂ ಉಜ್ಜೇ ಇಲ್ಲ."

ಕೆಳಗೆ ಕ್ರಾಫ್ಟ್ ತನ್ನ ನಮೂನೆ ತುಂಬುತ್ತಿದ್ದ. ಸಲಕರಣೆ: ಚಕ್ರದ್ದು. ಉದ್ದೇಶ: ಜಾನುವಾರು ಸಾಗಣೆ. ಸಂಖ್ಯೆ ಎಂಬಲ್ಲಿ ಪೆನ್ನು ನಿಂತಿತು. ಅವನು ತಲೆಯೆತ್ತಿ ಕುರಿಮರಿಯನ್ನು ನೋಡಿದ, ಎಲ್ಫ್ರೀಡಾರನ್ನು ನೋಡಿದ. ಒಳಗಿಂದ ಜನೀನ್ ಬೆಳಿಗ್ಗೆ ಬೇಯಿಸಿದ ಕೇಕಿನ ವಾಸನೆ ಬರುತ್ತಿತ್ತು.

'ಎರಡು' ಎಂದು ಬರೆದು, ಬೂಟು ಒರೆಸಿಕೊಂಡು, ಸೇತುವೆ ಹತ್ತಿದ.